ಹಳೆಯ ಕಾರಿಗೆ ನಾನೇ ಬೆಲೆ ಕಟ್ಟಿದೆ

ಹಳೆಯ ಕಾರು ಮಾರುವವರನ್ನು "ಈ ಬೆಲೆ ಹೇಗೆ ಬಂತು" ಎಂದು ಕೇಳಿದರೆ ಮೂರರಲ್ಲಿ ಒಂದು ಉತ್ತರ ಸಿಗುತ್ತದೆ. "ಮಾರ್ಕೆಟ್ಟೇ ಹಾಗಿದೆ." "ನಿನ್ನೆ ಒಬ್ಬರು ಇದಕ್ಕಿಂತ ಹೆಚ್ಚಿಗೆ ಕೇಳಿ ಹೋದರು." "ಸಿಂಗಲ್ ಓನರ್ ಗಾಡಿ ಮೇಡಂ, ಡಾಕ್ಟರು ಇಟ್ಟುಕೊಂಡಿದ್ದು." ಮೈಸೂರಿನ ಡಾಕ್ಟರುಗಳೆಲ್ಲ ಹೀಗೆ ಕಾರು ಮಾರಿಕೊಂಡರೆ ಆಸ್ಪತ್ರೆಗೆ ಯಾವುದರಲ್ಲಿ ಹೋಗುತ್ತಾರೋ ನಾನರಿಯೆ. ನಾನು ಮಂಡ್ಯದ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಆಧಾರವಿಲ್ಲದ ಅಂಕಿಯನ್ನು ಪುಸ್ತಕಕ್ಕೆ ಏರಿಸಿ ಅಭ್ಯಾಸವಿಲ್ಲ. ಹಾಗಾಗಿ ಅವರ ಬೆಲೆಯಿಂದ ಇಳಿಸಿಕೊಂಡು ಬರುವ ಬದಲು ನನ್ನದೇ ಒಂದು ಬೆಲೆ ಕಟ್ಟಿ, ಚೀಟಿಯಲ್ಲಿ ಬರೆದಿಟ್ಟುಕೊಂಡು ಹೊರಟೆ.

ಕಾರು ಬೇಕಾದದ್ದು ಅಪ್ಪನಿಗಾಗಿ. ಅವರನ್ನು ಮೈಸೂರಿನ ಆಸ್ಪತ್ರೆಗೆ ಮೇಲಿಂದ ಮೇಲೆ ಕರೆದೊಯ್ಯಬೇಕಿತ್ತು. ಸ್ಕೂಟರಿನಲ್ಲಿ ಕೂರಿಸುವಂತಿರಲಿಲ್ಲ, ಅಲ್ಲದೆ 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನಗಳನ್ನು ಬಿಡುವುದೂ ಇಲ್ಲ. ಬಾಡಿಗೆ ಕಾರಿನ ಖರ್ಚನ್ನು ಒಂದು ವರ್ಷ ಕೂಡಿ ನೋಡಿದಾಗ ಸ್ವಂತದ್ದೇ ವಾಸಿ ಎನಿಸಿತು.

2025ರ ಬೇಸಿಗೆಯಲ್ಲಿ ಮೊದಲು ವಿಚಾರಿಸಿದ್ದು ಹೊಸ ಕಾರನ್ನೇ. ನಾಲ್ಕು ಮೀಟರ್ ಒಳಗಿನ ಸಣ್ಣ ಪೆಟ್ರೋಲ್ ಕಾರು. ಶೋರೂಮಿನ ಹಲಗೆಯ ಮೇಲೆ 6 ಲಕ್ಷ 12 ಸಾವಿರ; ಕೈಗೆ ಕೊಟ್ಟ ಅಂದಾಜು ಪಟ್ಟಿಯ ಕೊನೆಯಲ್ಲಿ ಏಳೂಮುಕ್ಕಾಲು ಲಕ್ಷ. ನಡುವಿನ ಒಂದೂವರೆ ಲಕ್ಷಕ್ಕೂ ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ ಎಂದು ಸಾಲು ಸಾಲಾಗಿ ಓದಿದೆ. ಐದರಿಂದ ಹತ್ತು ಲಕ್ಷದವರೆಗಿನ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ 14. ಆ ತೆರಿಗೆಯ ಮೇಲೆ ಮತ್ತೆ ಶೇ 11 ಉಪಕರ. ಅಲ್ಲಿಗೆ 95 ಸಾವಿರ ಹೋಯಿತು. ಹತ್ತು ಲಕ್ಷ ದಾಟಿದರೆ ಶೇ 17, ಇಪ್ಪತ್ತು ಲಕ್ಷ ದಾಟಿದರೆ ಶೇ 18. ದೇಶದಲ್ಲಿ ಅತಿ ಹೆಚ್ಚು ವಾಹನ ತೆರಿಗೆ ವಸೂಲಿ ಮಾಡುವ ರಾಜ್ಯಗಳ ಸಾಲಿನಲ್ಲಿ ನಾವಿದ್ದೇವೆ. ಆಮೇಲೆ ವಿಮೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗಾದ ಹಾನಿ ತುಂಬಿಕೊಡುವ ವಿಮೆಯನ್ನು, ಒಟ್ಟಿಗೇ ಮಾಡಿಸಬೇಕು.

ಇವೆರಡೂ ಕಾನೂನಿನ ಖರ್ಚು, ಒಪ್ಪೋಣ. ಕಾರಿನ ಮೂಲ ಬೆಲೆಯೇ ಏರಿದ್ದಕ್ಕೂ ಕಾರಣಗಳಿವೆ: 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಬಿಗಿಯಾದ ಹೊಗೆ ನಿಯಮ ಬಂತು, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಮತ್ತು ಮುಂದಿನ ಎರಡು ಏರ್‌ಬ್ಯಾಗ್ ಕಡ್ಡಾಯವಾದವು. ಜೀವ ಉಳಿಸುವ ವಸ್ತುವಿಗೆ ದುಡ್ಡು ಕೊಡಲು ನನಗೆ ಸಂಕಟವಿಲ್ಲ. ಸಿಟ್ಟು ಬಂದದ್ದು ಪಟ್ಟಿಯ ಕೆಳಗಿನ ಸಾಲುಗಳಿಗೆ. ಹ್ಯಾಂಡ್ಲಿಂಗ್ ಚಾರ್ಜ್ ಎಂದು ಎಂಟು ಸಾವಿರ. ನಿಮ್ಮ ಗೋದಾಮಿನಿಂದ ನಿಮ್ಮ ಅಂಗಡಿಗೆ ಕಾರು ತಂದುಕೊಂಡದ್ದಕ್ಕೆ ಕೂಲಿ ನಾನೇಕೆ ಕೊಡಲಿ ಎಂದರೆ, "ಎಲ್ಲರೂ ಕೊಡುತ್ತಾರೆ" ಎಂದರು. ಇಪ್ಪತ್ತೈದು ಸಾವಿರದ ಅಲಂಕಾರ ಸಾಮಗ್ರಿ ಬೇಡವೆಂದರೆ ಕಾರು ತಡವಾಗಿ ಬರುತ್ತದಂತೆ. ವಿಮೆಯನ್ನು ಹೊರಗೆ ಮಾಡಿಸುತ್ತೇನೆ ಎಂದಾಗ ಮುಖವೇ ಬದಲಾಯಿತು. ವಿಮಾ ಕಂಪನಿಯನ್ನು ಆರಿಸುವ ಹಕ್ಕು ಕೊಳ್ಳುವವರದ್ದು. ಹೊಸ ಕಾರು ಕೊಳ್ಳುವವರು ಅದನ್ನು ಬಿಟ್ಟುಕೊಡಬಾರದು.

ಅಲ್ಲಿಂದ ಹಳೆಯ ಕಾರುಗಳ ಕಡೆ ತಿರುಗಿದೆ. ಮೈಸೂರಿನ ಒಂದು ಮಳಿಗೆಯಲ್ಲಿ ಅದೇ ಮಾದರಿಯ, ನಾಲ್ಕು ವರ್ಷ ಓಡಿದ ಕಾರಿಗೆ 5 ಲಕ್ಷ 10 ಸಾವಿರ ಹೇಳಿದರು. ಅದು ಹೊಸದಾಗಿದ್ದಾಗ ಅದರ ಶೋರೂಂ ಬೆಲೆ ಅದಕ್ಕಿಂತ ತುಸುವೇ ಹೆಚ್ಚಿತ್ತು. ಸಾಲದ್ದಕ್ಕೆ, "ಬೆಲೆಯ ಮೇಲೆ ಶೇ 18 ಜಿಎಸ್‌ಟಿ ಬೇರೆ" ಎಂದರು. 2025ರ ಜನವರಿಯಿಂದ ಹಳೆಯ ವಾಹನಗಳಿಗೆ ಶೇ 18 ತೆರಿಗೆ ಇರುವುದು ನಿಜ. ಆದರೆ ಅದು ವ್ಯಾಪಾರಿ ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವಿನ ಲಾಭಾಂಶದ ಮೇಲೆ ಮಾತ್ರ. ಇಬ್ಬರು ಸಾಮಾನ್ಯರ ನಡುವಿನ ಮಾರಾಟಕ್ಕೆ ಅದು ಇಲ್ಲವೇ ಇಲ್ಲ. "ಹಾಗಾದರೆ ನೀವು ಎಷ್ಟಕ್ಕೆ ಕೊಂಡಿರಿ, ಬಿಲ್ಲು ತೋರಿಸಿ" ಎಂದೆ. ಕಾಫಿ ತರಿಸಿದರು, ಬಿಲ್ಲು ತರಿಸಲಿಲ್ಲ.

ಒಂದು ವಿಷಯ ಹೇಳಲೇಬೇಕು. ಹೋದಲ್ಲೆಲ್ಲ ಮಾರುವವರು ನನ್ನ ತಮ್ಮನ ಮುಖ ನೋಡಿಯೇ ಮಾತಾಡುತ್ತಿದ್ದರು. ದುಡ್ಡು ನನ್ನದು, ಅವನು ಚಾಲಕನ ಸೀಟಿನಲ್ಲಿ ಕೂತು ನೋಡಲು ಬಂದವನು. ಮೊದಮೊದಲು ಕಿರಿಕಿರಿಯಾಯಿತು. ಆಮೇಲೆ ಅದನ್ನೇ ಬಳಸಿಕೊಂಡೆ: ಅವರು ಅವನಿಗೆ ಮೈಲೇಜಿನ ಕಥೆ ಹೇಳುತ್ತಿರುವಾಗ ನಾನು ನೆಮ್ಮದಿಯಾಗಿ ಕಾಗದ ಓದುತ್ತಿದ್ದೆ.

ಅಷ್ಟರಲ್ಲಿ ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ ಜಿಎಸ್‌ಟಿ ಬದಲಾವಣೆಯ ಮಾತು ಆಡಿದರು. ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಮೇಲಿನ ತೆರಿಗೆ, ಸೆಸ್ ಸೇರಿ 29 ಇದ್ದದ್ದು, 18ಕ್ಕೆ ಇಳಿಯಿತು. ನಾನು ನೋಡಿದ್ದ ಕಾರಿನ ಶೋರೂಂ ಬೆಲೆ 5 ಲಕ್ಷ 60 ಸಾವಿರಕ್ಕೆ ಬಂತು. ಅದೇ ದಿನ ನವರಾತ್ರಿಯೂ ಆರಂಭ. ದಸರೆಯ ಮೈಸೂರಿನಲ್ಲಿ ಜನ ಹೊಸ ಕಾರಿನ ಶೋರೂಮುಗಳಿಗೆ ಮುಗಿಬಿದ್ದರು. ಆಯುಧಪೂಜೆಯ ಹೊತ್ತಿಗೆ ಅಗ್ರಹಾರದ ನೂರೊಂದು ಗಣಪತಿಯ ಮುಂದೆ ಹೊಸ ಗಾಡಿಗಳ ಸಾಲು. ನಾನು ಸುಮ್ಮನೆ ಕೂತೆ. ಹೊಸದನ್ನು ಕೊಂಡವರೆಲ್ಲ ಹಳೆಯದನ್ನು ಎಲ್ಲಾದರೂ ಮಾರಲೇಬೇಕಲ್ಲ? ದೀಪಾವಳಿ ಕಳೆದ ಮೇಲೆ ಮಾರುವವರ ದನಿ ಮೆತ್ತಗಾಗುತ್ತದೆ ಎಂಬುದು ನನ್ನ ಎಣಿಕೆಯಾಗಿತ್ತು. ಹೊಸ ವರ್ಷ ಹತ್ತಿರವಾದಂತೆ ಕಾರಿಗೆ ಇನ್ನೊಂದು ವರ್ಷ ವಯಸ್ಸು ಏರುತ್ತದೆಂಬ ಭಯವೂ ಅವರಿಗಿರುತ್ತದೆ.

ಇನ್ನು ನನ್ನ ಲೆಕ್ಕ. ಮೇಲಿನ ಮಿತಿ ಒಂದು, ಕೆಳಗಿನ ಮಿತಿ ಒಂದು. ಮೇಲಿನದಕ್ಕೆ, ಅದೇ ಮಾದರಿಯ ಹೊಸ ಕಾರು ಇಂದು ರಸ್ತೆಗಿಳಿಯಲು ಎಷ್ಟಾಗುತ್ತದೆ ಎಂದು ನೋಡಿದೆ: 5.60 ಲಕ್ಷ, ತೆರಿಗೆ ಮತ್ತು ಉಪಕರ 87 ಸಾವಿರ, ವಿಮೆ ಸುಮಾರು 30 ಸಾವಿರ. ಒಟ್ಟು 6.77 ಲಕ್ಷ. ಖಾಸಗಿ ಕಾರಿನ ಮೊದಲ ನೋಂದಣಿಗೆ ಹದಿನೈದು ವರ್ಷ ಆಯಸ್ಸು. 2021ರ ಮಾರ್ಚ್‌ನಲ್ಲಿ ನೋಂದಣಿಯಾದ ಕಾರಿಗೆ ಆಗ ಇನ್ನೂ ಹತ್ತೂಕಾಲು ವರ್ಷ ಉಳಿದಿತ್ತು. ಆ ಪಾಲಿಗೆ ಬರುವುದು ಸುಮಾರು 4.65 ಲಕ್ಷ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಹೊಸದೇ ಅಗ್ಗ. ಕೆಳಗಿನ ಮಿತಿಗೆ ವಿಮಾ ಕಂಪನಿಗಳ ಹಳೆಯ ಸವಕಳಿ ಕೋಷ್ಟಕ ಹಿಡಿದೆ; ಕಾರಿಗೆ ವಯಸ್ಸಾದಂತೆ ಬೆಲೆಯಲ್ಲಿ ಎಷ್ಟು ಕಳೆಯಬೇಕು ಎಂಬ ಪಟ್ಟಿ ಅದು. ಎರಡರಿಂದ ಮೂರು ವರ್ಷದ ಕಾರಿಗೆ ಶೇ 30, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದಕ್ಕೆ 50. ಅಂದರೆ 5.60ರ ಅರ್ಧ, 2.80 ಲಕ್ಷ. ಕಾರು ನಾಳೆ ಕಳುವಾದರೆ ವಿಮಾ ಕಂಪನಿ ಕೊಡುವ ಹಣ ಹೆಚ್ಚುಕಡಿಮೆ ಇಷ್ಟೇ. ಎರಡರ ಮಧ್ಯ 3.72. ಅದರಿಂದ, ಕೊಂಡ ತಕ್ಷಣ ನಾನು ಮಾಡಬೇಕಾದ ಖರ್ಚುಗಳನ್ನು ಕಳೆಯುವುದು.

ಮಧ್ಯದ ಬೆಲೆಗೆ ಯಾರೂ ಕೊಡುವುದಿಲ್ಲ ಎಂದು ತಮ್ಮ ನಕ್ಕ. ಇರಬಹುದು. ಆದರೆ ಎಲ್ಲಿಂದ ಮಾತು ಶುರುವಾಗಬೇಕು, ಎಲ್ಲಿ ಎದ್ದು ಬರಬೇಕು ಎಂಬುದು ನನಗೆ ಸ್ಪಷ್ಟವಾಗಿತ್ತು.

ಕಾರು ನೋಡುವಾಗ ಎಂಜಿನ್ನಿನ ಸದ್ದು ಕೇಳಲು ನಮ್ಮೂರಿನ ಮೆಕ್ಯಾನಿಕ್ ಇದ್ದರು, ಅದು ಅವರ ವಿದ್ಯೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು, ಮಾರುವವರು ಮೊದಲೇ ಚಾಲೂ ಮಾಡಿ ಬಿಸಿ ಮಾಡಿರಬಾರದು ಎಂಬುದಷ್ಟೇ ಅವರ ಷರತ್ತು. ನಾನು ನೋಡಿದ್ದು ಓದಲು ಬರುವಂಥವನ್ನು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 0421 ಎಂದರೆ 2021ರ ನಾಲ್ಕನೆಯ ವಾರ ತಯಾರಾದದ್ದು. ಒಂದು ಕಾರಿನ ಮೀಟರು 22 ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು, ನಾಲ್ಕೂ ಟೈರುಗಳು ಮಾತ್ರ 2024ರವು. ಅಷ್ಟು ಕಡಿಮೆ ಓಡಿದ ಕಾರಿಗೆ ಯಾರಾದರೂ ಟೈರು ಬದಲಿಸುತ್ತಾರೆಯೇ? ಅಧಿಕೃತ ಸರ್ವೀಸ್ ಕೇಂದ್ರದ ದಾಖಲೆ ತೆಗೆಸಿ ಎಂದೆ. ಹಿಂದಿನ ವರ್ಷವೇ 61 ಸಾವಿರ ದಾಟಿತ್ತು. ಮಾರುವವರು ಅಚ್ಚರಿಪಟ್ಟಂತೆ ನಟಿಸಿದ ರೀತಿ ಚೆನ್ನಾಗಿತ್ತು.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡುತ್ತಿದ್ದೆ. ನೀರಿನಲ್ಲಿ ಮುಳುಗಿದ ಕಾರಿನ ಸೀಟು, ಹಾಸು ಎಲ್ಲ ತೊಳೆದರೂ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಉಳಿದಿರಬಹುದು. ಹೆಚ್ಚುವರಿ ಚಕ್ರ ಇಡುವ ಕುಳಿಯಲ್ಲಿ ತುಕ್ಕು ಇರಬಹುದು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಮುಳುಗಿತ್ತು, ಮುಂದಿನ ವಾರ ಬೆಂಗಳೂರಿನ ಬಡಾವಣೆಗಳು. ಆ ಕಾರುಗಳೆಲ್ಲ ಗುಜರಿಗೆ ಹೋಗಿರುತ್ತವೆ ಎಂದು ನಾನು ನಂಬುವುದಿಲ್ಲ.

ಆದರೆ ಬಹಳ ಜನ ಗಮನಿಸದ ಒಂದು ಕಾಗದವಿದೆ: ಹಳೆಯ ವಿಮಾ ಪಾಲಿಸಿ. ಅದರಲ್ಲಿ ನೋ ಕ್ಲೇಮ್ ಬೋನಸ್ ಎಂಬ ಸಾಲು ಇರುತ್ತದೆ. ಪರಿಹಾರ ಕೇಳದೆ ಒಂದು ವರ್ಷ ಕಳೆದರೆ ವಿಮಾ ಕಂತಿನಲ್ಲಿ, ಸ್ವಂತ ಕಾರಿನ ಹಾನಿಯ ಭಾಗಕ್ಕೆ, ಶೇ 20 ರಿಯಾಯಿತಿ, ಮುಂದೆ 25, 35, 45, ಐದು ವರ್ಷಕ್ಕೆ 50. ಒಮ್ಮೆ ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಸೊನ್ನೆಗೆ ಬೀಳುತ್ತದೆ. "ಒಂದು ಗೀರೂ ಇಲ್ಲ" ಎಂದು ತೋರಿಸಿದ ನಾಲ್ಕು ವರ್ಷದ ಕಾರಿನ ಪಾಲಿಸಿಯಲ್ಲಿ ಸೊನ್ನೆ ಇದ್ದರೆ, ಕಳೆದ ವರ್ಷ ಏನೋ ಆಗಿರಬಹುದು ಎಂದರ್ಥ. ಈ ಬೋನಸ್ ಕಾರಿನದಲ್ಲ, ಮಾಲೀಕರದು. ಕಾರು ಈಚೆಗೆ ಕೈ ಬದಲಾಗಿದ್ದರೂ ಸೊನ್ನೆ ಬರಬಹುದು. ಹಾಗಾಗಿ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಎಷ್ಟನೆಯ ಮಾಲೀಕ ಎಂದಿದೆಯೋ ಅದನ್ನೂ ಜೊತೆಗಿಟ್ಟುಕೊಂಡು ಓದಬೇಕು. ಎಷ್ಟೋ ಕಾರುಗಳನ್ನು ಬಾನೆಟ್ ತೆರೆಸುವ ಮೊದಲೇ ಬಿಡಲು ಈ ಒಂದು ಸಾಲು ಸಾಕಾಯಿತು.

ಪೆಟ್ರೋಲಿನದೂ ಒಂದು ತಕರಾರು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್ ನಂತರದ ಕಾರುಗಳ ಭಾಗಗಳು ಅದಕ್ಕೆ ಹೊಂದುವಂಥವು. ಅದಕ್ಕಿಂತ ಹಳೆಯವು ಸಾಮಾನ್ಯವಾಗಿ ಶೇ 10ಕ್ಕೆ ತಯಾರಾದವು. ಮೈಲೇಜು ಸ್ವಲ್ಪ ಇಳಿಯುತ್ತದೆ, ಕಾಲಕ್ರಮದಲ್ಲಿ ರಬ್ಬರಿನ ಕೊಳವೆಗಳ ಮೇಲೂ ಕಣ್ಣಿಡಬೇಕು. ಮನೆಯಲ್ಲಿ ಕಬ್ಬು ಬೆಳೆಯುವ ನಾನು ಎಥೆನಾಲನ್ನು ಬಯ್ಯುವ ಹಾಗೂ ಇಲ್ಲ, ಹೊಗಳುವ ಹಾಗೂ ಇಲ್ಲ. ಅಪ್ಪನಂತೂ, "ನಾವು ಕಡಿದ ಕಬ್ಬು ನಮ್ಮ ಟ್ಯಾಂಕಿಗೇ ಬಂತಲ್ಲ" ಎಂದರು.

ಕೊನೆಗೆ ಕಾರು ಸಿಕ್ಕಿದ್ದು ನವೆಂಬರ್‌ನಲ್ಲಿ, ಮೈಸೂರಿನ ಕುವೆಂಪುನಗರದ ಒಂದು ಮನೆಯಲ್ಲಿ. ಬ್ಯಾಂಕ್ ಉದ್ಯೋಗಿ, ಬೇರೆ ರಾಜ್ಯಕ್ಕೆ ವರ್ಗವಾಗಿತ್ತು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಕಾರನ್ನು ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಿ, ಅಲ್ಲಿನ ತೆರಿಗೆ ಕಟ್ಟಬೇಕು. ಇಲ್ಲಿ ಕಟ್ಟಿದ್ದನ್ನು ಹಿಂಪಡೆಯಲು ಕಚೇರಿ ಅಲೆಯಬೇಕು. ಅವರು ಮಾರಲು ನಿಜವಾದ ಕಾರಣವಿತ್ತು ಎಂಬುದೇ ನನ್ನನ್ನು ಅಲ್ಲಿಗೆ ಕರೆದೊಯ್ದದ್ದು. ಪಾಲಿಸಿಯಲ್ಲಿ ಬೋನಸ್ 45. ಹೆದ್ದಾರಿಯ ಕ್ಯಾಮೆರಾಗಳು ಹಾಕಿದ್ದ ದಂಡಗಳನ್ನು ಆಗಸ್ಟ್–ಸೆಪ್ಟೆಂಬರಿನಲ್ಲಿ ಸರ್ಕಾರ ಕೊಟ್ಟಿದ್ದ ಅರ್ಧ ರಿಯಾಯಿತಿಯಲ್ಲೇ ಕಟ್ಟಿ ರಸೀದಿ ಇಟ್ಟಿದ್ದರು. ಇಂಥವರ ಕಾರಿಗೆ ಎಂಜಿನ್ ಆಯಿಲ್ ಸಮಯಕ್ಕೆ ಬಿದ್ದಿರುತ್ತದೆ ಎಂದುಕೊಂಡೆ. ಸರ್ವೀಸ್ ಪುಸ್ತಕವೂ ಅದನ್ನೇ ಹೇಳಿತು.

ಅವರು ಕೇಳಿದ್ದು ನಾಲ್ಕೂವರೆ ಲಕ್ಷ. ನಾನು ಚೀಟಿ ಮುಂದಿಟ್ಟೆ. ಟೈರುಗಳು ಕಾರಿನಷ್ಟೇ ಹಳೆಯವು, 17 ಸಾವಿರ. ಬ್ಯಾಟರಿ 5 ಸಾವಿರ. ಸರ್ವೀಸ್ 6 ಸಾವಿರ. 3.72ರಲ್ಲಿ 28 ಸಾವಿರ ಕಳೆದರೆ 3.44. ಬ್ಯಾಂಕಿನವರಾದ್ದರಿಂದ ಅಂಕಿಗಳಿಗೆ ಸಿಟ್ಟಾಗಲಿಲ್ಲ, ಸವಕಳಿಯ ದರದ ಬಗ್ಗೆ ಮಾತ್ರ ವಾದ ಮಾಡಿದರು. "ವಿಮೆಯ ಲೆಕ್ಕದಲ್ಲಿ ಐವತ್ತು, ರಸ್ತೆಯ ಲೆಕ್ಕದಲ್ಲಿ ಅಲ್ಲ" ಎಂಬುದು ಅವರ ಪಟ್ಟು. ಮೂರು ಲಕ್ಷದ ಎಂಬತ್ತು ಸಾವಿರಕ್ಕೆ ಮುಗಿಯಿತು. ಹಳೆಯ ಕಾರಿನ ಸಾಲಕ್ಕೆ ಬ್ಯಾಂಕುಗಳು ಹೊಸದಕ್ಕಿಂತ ಹೆಚ್ಚು ಬಡ್ಡಿ ಹಾಕುತ್ತವೆ. ನಾನು ಸಾಲ ಮಾಡದೆ ಚಿಟ್ ಫಂಡಿನ ಹಣ ಎತ್ತಿ ಕೊಟ್ಟೆ.

ಪೂರ್ತಿ ಹಣವನ್ನು ಒಂದೇ ಬಾರಿಗೆ ಕೊಡಲಿಲ್ಲ. ಇಪ್ಪತ್ತೈದು ಸಾವಿರ ಉಳಿಸಿಕೊಂಡು, ಆರ್‌ಸಿ ನನ್ನ ಹೆಸರಿಗೆ ಬಂದ ದಿನ ಕೊಡುವುದಾಗಿ ಬರೆದುಕೊಟ್ಟೆ. ಮಾಲೀಕತ್ವ ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಅಲ್ಲೇ ಸಹಿ ಹಾಕಿಸಿಕೊಂಡೆ. ಕಾರಿನ ಮೇಲೆ ಸಾಲವಿದ್ದು ತೀರಿದ್ದರಿಂದ, ಆ ಸಾಲದ ನಮೂದನ್ನು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ಪತ್ರವೂ ಬೇಕಾಯಿತು. ಮಾರಿದವರು ಹದಿನಾಲ್ಕು ದಿನಗಳೊಳಗೆ, ಕೊಂಡವರು ಮೂವತ್ತು ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು ಎಂಬುದು ಕಾನೂನು. "ನಿಧಾನಕ್ಕೆ ಮಾಡಿಸಿಕೊಳ್ಳಿ" ಎನ್ನುವ ಮಾರಾಟಗಾರರು ತಮ್ಮ ಕಾಲಿಗೇ ಕಲ್ಲು ಹಾಕಿಕೊಳ್ಳುತ್ತಾರೆ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಳಿಗೆಯಿಂದ ಕೊಳ್ಳುವವರು ಇನ್ನೊಂದನ್ನು ಕೇಳಬೇಕು. 2023ರ ಏಪ್ರಿಲ್‌ನಿಂದ ಹಳೆಯ ವಾಹನದ ವ್ಯಾಪಾರಿಗಳಿಗೆ ಸಾರಿಗೆ ಇಲಾಖೆಯ ಅಧಿಕಾರ ಪತ್ರದ ನಿಯಮ ಬಂದಿದೆ. ಅದು ಗೋಡೆಯ ಮೇಲಿದೆಯೇ ಎಂದು ನೋಡಿ. ವಿಮೆಯನ್ನೂ ಹದಿನಾಲ್ಕು ದಿನಗಳೊಳಗೆ ಹೆಸರಿಗೆ ಮಾಡಿಸಿಕೊಂಡೆ. ಬೋನಸ್ ಅವರೊಂದಿಗೇ ಹೋಯಿತು, ಅದರ ವ್ಯತ್ಯಾಸದ ಹಣವನ್ನು ನಾನು ತುಂಬಬೇಕಾಯಿತು.

ಆರ್‌ಸಿ ಬಂದಿತು, ಉಳಿದ ಹಣ ಕಳಿಸಿದೆ. ಕಾರಿನ ಸಂಖ್ಯೆ ಕೆಎ 09 ಆಗಿಯೇ ಉಳಿದಿದೆ, ಮಂಡ್ಯದ ಕೆಎ 11 ಸಿಗಲಿಲ್ಲವೆಂದು ಅಪ್ಪನಿಗೆ ಕೊಂಚ ಬೇಸರ. ಆಮೇಲೆ ಒಂದು ದಿನ ಆ ಬ್ಯಾಂಕಿನವರಿಂದ ಫೋನು. ಹೆದ್ದಾರಿಯ ಗಣಂಗೂರು ಟೋಲ್ ದಾಟಿದ ಹಣ ಅವರ ಖಾತೆಯಿಂದಲೇ ಹೋಗುತ್ತಿದೆಯಂತೆ. ಗಾಜಿನ ಮೇಲಿದ್ದ ಫಾಸ್ಟ್ಯಾಗನ್ನು ಮುಚ್ಚಿಸುವುದಾಗಿ ಹೇಳಿದ್ದವರು ಮರೆತಿದ್ದರು. ಹೋದ ಮೊತ್ತವನ್ನು ಕೂಡಿ ಅಂದೇ ಕಳಿಸಿದೆ, ಅವರು ಟ್ಯಾಗ್ ರದ್ದು ಮಾಡಿಸಿದ ಮೇಲೆ ನನ್ನ ಹೆಸರಿನಲ್ಲಿ ಹೊಸದನ್ನು ಅಂಟಿಸಿದೆ.