ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಫೈಲ್ ಸರ್ವರ್: ನಾನು ಕಟ್ಟಿದ ಬಗೆ

ದಾಳಿಗೆ ಸಿಕ್ಕ ಯಂತ್ರದ ಕೈಯಲ್ಲೇ ಅದರ ಔಷಧಿ ಇರಬಾರದು. 2017ರ ವನ್ನಾಕ್ರೈ ಎಂಬ ರ್‍ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿದ್ದಷ್ಟೇ ಅಲ್ಲ, ವಿಂಡೋಸ್ ಇಟ್ಟುಕೊಂಡಿದ್ದ ಶ್ಯಾಡೊ ಕಾಪಿಗಳನ್ನೂ (ಫೈಲುಗಳ ಹಳೆಯ ಪ್ರತಿಗಳು) ಅಳಿಸಿಹಾಕುತ್ತಿತ್ತು. ಅದಕ್ಕೇ ಎರಡು ಯಂತ್ರ ಇಟ್ಟೆ. ಲಿನಕ್ಸ್, ಸಾಂಬಾ (ಫೈಲುಗಳನ್ನು ನೆಟ್‌ವರ್ಕ್‌ನಲ್ಲಿ ಹಂಚುವ ತಂತ್ರಾಂಶ), ಜೆಡ್‌ಎಫ್‌ಎಸ್ (ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ವ್ಯವಸ್ಥೆ) ಇರುವ ಫೈಲ್ ಸರ್ವರ್ ಒಂದು. ಲಾಗ್ (ಯಾರು ಏನು ಮಾಡಿದರೆಂಬ ದಾಖಲೆ) ನೋಡಿ ತೀರ್ಮಾನಿಸುವ ಕಾವಲು ಯಂತ್ರ ಇನ್ನೊಂದು. ಸ್ನ್ಯಾಪ್‌ಶಾಟ್‌ಗಳ (ಒಂದು ಕ್ಷಣದಲ್ಲಿ ಫೈಲುಗಳು ಇದ್ದ ಸ್ಥಿತಿಯನ್ನು ಹಿಡಿದಿಟ್ಟವು) ಪ್ರತಿಯನ್ನು ಕಾವಲು ಯಂತ್ರವೇ ಬಂದು ಎಳೆದುಕೊಳ್ಳುತ್ತದೆ. ಸರ್ವರ್‌ನಿಂದ ಅದರೊಳಗೆ ಹೋಗುವ ಕೀಲಿ ಎಲ್ಲೂ ಇಲ್ಲ.

ಸ್ನ್ಯಾಪ್‌ಶಾಟ್ 15 ನಿಮಿಷಕ್ಕೊಂದು, ಒಟ್ಟು 96, ಅಂದರೆ ಒಂದು ದಿನದ್ದು. ಜೊತೆಗೆ ದಿನಕ್ಕೊಂದರಂತೆ 30. 4 ಟಿಬಿ ಡೇಟಾ ಪೂರ್ತಿ ಎನ್‌ಕ್ರಿಪ್ಟ್ ಆದರೆ ಹಳೆಯದನ್ನು ಉಳಿಸಿಕೊಳ್ಳಲು ಇನ್ನೂ 4 ಟಿಬಿ ಬೇಕು. ಹಾಗಾಗಿ ಪೂಲ್ (ಡಿಸ್ಕುಗಳ ಒಟ್ಟು ಜಾಗ) ಅರ್ಧಕ್ಕಿಂತ ಹೆಚ್ಚು ತುಂಬಲು ಬಿಡುವುದಿಲ್ಲ. ಜಾಗ ಸಾಲದಾಗ ಹಳೆಯ ಸ್ನ್ಯಾಪ್‌ಶಾಟ್ ಅಳಿಸುವ ಸ್ಕ್ರಿಪ್ಟ್ ಅಂತೂ ಬೇಡವೇ ಬೇಡ: ದಾಳಿ ನಡೆಯುವಾಗಲೇ ಜಾಗ ತುಂಬುತ್ತದೆ, ಒಳ್ಳೆಯ ಪ್ರತಿಯೇ ಮೊದಲು ಹೋಗುತ್ತದೆ.

ದಾಳಿಯ ಪತ್ತೆಗೆ ಪ್ರತಿ ಶೇರ್‌ನಲ್ಲೂ (ಹಂಚಿಕೊಂಡ ಫೋಲ್ಡರ್) ಯಾರೂ ಮುಟ್ಟದ ಬೇಹು ಫೈಲುಗಳಿವೆ. ಫೈಲುಗಳ ಪಟ್ಟಿಯ ಮೊದಲಿಗೊಂದು, ಕೊನೆಗೊಂದು, ನಡುವೆ ಕೆಲವು. ಎಂಟ್ರೊಪಿ (ಫೈಲಿನ ಬೈಟುಗಳು ಎಷ್ಟು ಅಡ್ಡಾದಿಡ್ಡಿಯಾಗಿವೆ ಎಂಬ ಅಳತೆ) ಒಂದನ್ನೇ ನಂಬಿದರೆ ಜೆಪೆಗ್, ಜಿಪ್ ಫೈಲುಗಳೂ ಸುಳ್ಳು ಎಚ್ಚರಿಕೆ ಕೊಡುತ್ತವೆ. ಪಿಡಿಎಫ್ ಎಂದು ಹೆಸರಿದ್ದೂ ಮೊದಲ ಬೈಟುಗಳು ಪಿಡಿಎಫ್‌ನದಲ್ಲ ಎಂದಾದರೆ ಅದು ಹೆಚ್ಚು ಗಟ್ಟಿ ಸುಳಿವು.

ಬೇಹು ಫೈಲು ಬದಲಾದರೆ ಮೊದಲು ಬಾಗಿಲು ಮುಚ್ಚಬೇಕು, ದುರಸ್ತಿ ಆಮೇಲೆ. ಸಾಂಬಾ ಆಡಿಟ್ ಲಾಗ್‌ನಲ್ಲಿ ಸಿಕ್ಕ ಐಪಿಯನ್ನು ಫೈರ್‌ವಾಲ್‌ನಲ್ಲಿ ತಡೆದು, ಆ ಬಳಕೆದಾರರ ಖಾತೆಯನ್ನೂ ನಿಲ್ಲಿಸುತ್ತೇನೆ. ಇಲ್ಲಿ ಹಲವರು ಎಡವುತ್ತಾರೆ. ಆಗಲೇ ಇರುವ ಸಂಪರ್ಕಗಳನ್ನು ಬಿಡುವ ನಿಯಮ ಮೇಲಿದ್ದು ತಡೆ ಅದರ ಕೆಳಗಿದ್ದರೆ, ಫೈಲು ಹಂಚಿಕೆ ನಡೆಯುವ 445ನೇ ಪೋರ್ಟಿನ ಹಳೆಯ ಸಂಪರ್ಕ ಕಡಿಯುವುದೇ ಇಲ್ಲ, ಎನ್‌ಕ್ರಿಪ್ಷನ್ ನಡೆಯುತ್ತಲೇ ಇರುತ್ತದೆ. ತಡೆ ಮೇಲೇ ಇರಬೇಕು.

ಆಮೇಲೆ ಆ ಕ್ಷಣದ ಸ್ಥಿತಿಯದೇ ಒಂದು ಸ್ನ್ಯಾಪ್‌ಶಾಟ್ ತೆಗೆದು, ಬಿಡಿಸುವವರೆಗೆ ಅಳಿಸಲಾಗದಂತೆ ಹೋಲ್ಡ್ ಹಾಕುತ್ತೇನೆ. ಸಾಕ್ಷ್ಯ ಅದೇ. ಪೂರ್ತಿ ರೋಲ್‌ಬ್ಯಾಕ್ (ಎಲ್ಲವನ್ನೂ ಹಳೆಯ ಸ್ಥಿತಿಗೆ ಮರಳಿಸುವುದು) ಮಾಡುವುದಿಲ್ಲ. ಮಾಡಿದರೆ ಉಳಿದವರ ಹೊಸ ಕೆಲಸವೂ ಅಳಿದುಹೋಗುತ್ತದೆ. ಏನೇನು ಬದಲಾಗಿದೆ ಎಂದು ತೋರಿಸುವ ಜೆಡ್‌ಎಫ್‌ಎಸ್ ಡಿಫ್ ಪಟ್ಟಿಯನ್ನು ಆಡಿಟ್ ಲಾಗ್‌ಗೆ ಹೋಲಿಸಿ, ಆ ಖಾತೆ ಮುಟ್ಟಿದ ಫೈಲುಗಳನ್ನಷ್ಟೇ ಹಳೆಯ ಸ್ನ್ಯಾಪ್‌ಶಾಟ್‌ನಿಂದ ಸಿಪಿ -ಎ ಆಜ್ಞೆಯಲ್ಲಿ ತರುತ್ತೇನೆ. ಆ '-ಎ' ಮರೆತರೆ ಹೊಸದಾಗಿ ಸೃಷ್ಟಿಯಾಗುವ ಫೈಲುಗಳು ರೂಟ್‌ನ (ನಿರ್ವಾಹಕ ಖಾತೆಯ) ಹೆಸರಿಗೆ ಬಿದ್ದು, ಬಳಸುವವರಿಗೆ ಬದಲಾಯಿಸಲು ಆಗದಿರಬಹುದು.

ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಮೇಲೆಯೇ ಅನುಮಾನ ಬಂದರೆ ಅದನ್ನು ರಿಪೇರಿ ಮಾಡುವುದಿಲ್ಲ. ಬೇರೆಡೆ ಇಟ್ಟ ಇಮೇಜ್‌ನಿಂದ ಹೊಸದಾಗಿಯೇ ಹಾಕುತ್ತೇನೆ. ವಾರಗಟ್ಟಲೆ ಒಳಗೇ ಕುಳಿತ ದಾಳಿಕೋರ ಹಳೆಯ ಸ್ನ್ಯಾಪ್‌ಶಾಟ್‌ನಲ್ಲೂ ಇರುತ್ತಾನೆ.

ತಂತಾನೇ ನಡೆಯುವ ದುರಸ್ತಿ ಒಂದೇ ಸಲ. ಒಂದು ಗಂಟೆಯೊಳಗೆ ಮತ್ತೆ ಬೇಹು ಫೈಲು ಕೆಟ್ಟರೆ ಶೇರ್ ಓದಲು ಮಾತ್ರ ಸಿಗುತ್ತದೆ, ಮುಂದಿನದನ್ನು ಮನುಷ್ಯರು ನೋಡಬೇಕು. ತಿಂಗಳಿಗೊಮ್ಮೆ ಪರೀಕ್ಷಾ ಶೇರ್‌ನಲ್ಲಿ 500 ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿ, ತಡೆ ಬೀಳುವ ಮೊದಲು ಎಷ್ಟು ಕೆಟ್ಟವು ಎಂದು ಎಣಿಸುತ್ತೇನೆ. ಮರಳಿ ಬಂದ ಪ್ರತಿ ಫೈಲಿನ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹಳೆಯ ಪಟ್ಟಿಗೆ ಹೊಂದಬೇಕು. ಒಂದು ತಪ್ಪಿದರೂ ಆ ಶೇರ್ ತೆರೆಯುವುದಿಲ್ಲ.