ಕ್ಲಾಪ್ ಅವರ ಐದು ಸೆಕೆಂಡಿನ ಪಾಠ: ನಮ್ಮ ಕೆಜಿಎಫ್ ಹುಡುಗರಿಗೆ ಕಲಿಸುವುದು ಹೇಗೆ

ಫುಟ್‌ಬಾಲ್ ಕೋಚ್ ಆಗಿ ಹೆಸರಾದ ಯೂರ್ಗನ್ ಕ್ಲಾಪ್ ಆಟಗಾರರಾಗಿ ದೊಡ್ಡ ಹೆಸರಲ್ಲ. ಜರ್ಮನಿಯ ಎರಡನೇ ದರ್ಜೆಯ ಲೀಗಿನಲ್ಲಿ ಮೈನ್ಸ್ ತಂಡಕ್ಕೆ 325 ಪಂದ್ಯ ಆಡಿ 52 ಗೋಲು ಹೊಡೆದರು, ಅಷ್ಟೇ. ಸ್ಟ್ರೈಕರ್ ಆಗಿದ್ದವರು ಆಮೇಲೆ ಡಿಫೆಂಡರ್ ಆದರು. ಕೋಚ್ ವೋಲ್ಫ್‌ಗಾಂಗ್ ಫ್ರಾಂಕ್ ಅವರ ಕೈಕೆಳಗೆ ಪ್ರೆಸ್ಸಿಂಗ್ ಕಲಿತು, 2001ರಲ್ಲಿ ಅದೇ ತಂಡದ ಕೋಚ್ ಆದರು. ಚೆಂಡು ಕಳೆದುಕೊಂಡ ಮರುಕ್ಷಣವೇ ಮುಗಿಬಿದ್ದು ಕಿತ್ತುಕೊಳ್ಳುವ ಈ ಆಟವೇ ಅವರು ಆಮೇಲೆ ಕೋಚ್ ಆಗಿದ್ದ ಡಾರ್ಟ್‌ಮುಂಡ್‌ಗೆ 2011 ಮತ್ತು 2012ರ ಬುಂಡೆಸ್‌ಲೀಗಾ (ಜರ್ಮನಿಯ ಮೊದಲ ದರ್ಜೆಯ ಲೀಗ್), ಇಂಗ್ಲೆಂಡಿನ ಲಿವರ್‌ಪೂಲ್‌ಗೆ 2019ರ ಚಾಂಪಿಯನ್ಸ್ ಲೀಗ್ ತಂದುಕೊಟ್ಟಿತು. ಜರ್ಮನ್ನರು ಇದನ್ನು ಗೇಗನ್‌ಪ್ರೆಸ್ಸಿಂಗ್ ಅನ್ನುತ್ತಾರೆ.

ಇದು ಕೆಜಿಎಫ್, ಕೋಲಾರದ ತಂಡಗಳಿಗೆ ಚೆನ್ನಾಗಿ ಒಗ್ಗುತ್ತದೆ. ಗಟ್ಟಿ ಕೆಂಪುಮಣ್ಣು, ಜಲ್ಲಿಕಲ್ಲಿನ ಮೈದಾನದಲ್ಲಿ ಎಂಥವರ ಮೊದಲ ಟಚ್ಚೂ ಒಂದೆರಡು ಮೀಟರ್ ಪುಟಿದು ಹೋಗುತ್ತದೆ. ಮೇಲೆ ಬೀಳಬೇಕಾದ ಗಳಿಗೆ ಅದೇ.

ಸುಣ್ಣದ ಪುಡಿಯಲ್ಲಿ 10 ಮೀಟರ್ ಚೌಕ ಎಳೆಯಿರಿ. ನಾಲ್ವರು ಪಾಸ್ ಆಡಲಿ, ಇಬ್ಬರು ಒಳಗಿದ್ದು ಚೆಂಡು ಕಸಿಯಲಿ. ಚೆಂಡು ಕಳೆದುಕೊಂಡವನು ನಿಲ್ಲಕೂಡದು. ಅವನೂ ಅವನಿಗೆ ಹತ್ತಿರದವನೂ ತಕ್ಷಣ ನುಗ್ಗಬೇಕು. ನೀವು ಜೋರಾಗಿ ಐದು ಎಣಿಸಿ, ಅಷ್ಟರೊಳಗೆ ಚೆಂಡು ಮರಳಿ ಸಿಗಬೇಕು. ಹುಡುಗರಿಗೆ ಹಿಡಿತ ಸಿಕ್ಕಮೇಲೆ 30×20 ಮೀಟರಿನಲ್ಲಿ ಆರಕ್ಕೆ ಆರು ಆಡಿಸಿ. ಐದು ಸೆಕೆಂಡಿನೊಳಗೆ ಚೆಂಡು ಕಿತ್ತುಕೊಂಡು ಗೋಲು ಹೊಡೆದರೆ ಎರಡು ಪಾಯಿಂಟ್ ಕೊಡಿ. ಆಗದಿದ್ದರೆ ಸೀಟಿ ಊದಿ, ಚೆಂಡು ಕಳೆದುಕೊಂಡ ತಂಡದವರೆಲ್ಲರೂ ಅರ್ಧಗೆರೆಯ ಹಿಂದಕ್ಕೆ ಓಡಲಿ. ಮೂರು ನಿಮಿಷದ ನಾಲ್ಕು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ. ಬಿಸಿಲೇರುವ ಮುಂಚೆಯೇ ಮುಗಿಸಿ.

ನುಗ್ಗುವ ದಾರಿಯನ್ನು ಬಿಡಿಸಿ ಹೇಳಬೇಕು. ನೇರವಾಗಿ ಓಡಿದರೆ ಎದುರಾಳಿ ಪಕ್ಕಕ್ಕೆ ಒಂದು ಪಾಸ್ ಕೊಟ್ಟು ಪಾರಾಗುತ್ತಾನೆ. ಸ್ವಲ್ಪ ಬಳಸಿಕೊಂಡು ಓಡಿ, ಅವನ ಹತ್ತಿರದ ಜೊತೆಗಾರನಿಗೆ ಹೋಗುವ ದಾರಿ ಮುಚ್ಚಬೇಕು. ಕೊನೆಯ ಎರಡು ಮೀಟರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಮೊಣಕಾಲು ಬಗ್ಗಿಸಬೇಕು. ಜಲ್ಲಿಯ ಮೇಲೆ ಜಾರಿಕೊಂಡು ಹೋಗಿ ಚೆಂಡು ಕಸಿಯುವ ಸ್ಲೈಡ್ ಬೇಡವೇ ಬೇಡ, ತೊಡೆಯ ಚರ್ಮ ಕಿತ್ತುಬರುತ್ತದೆ.

ಹೆಚ್ಚಾಗಿ ಕೆಡುವುದು ಎರಡು ಕಡೆ. ಒಂದು, ಎಲ್ಲರೂ ಜೇನುಹುಳುಗಳಂತೆ ಚೆಂಡಿಗೇ ಮುತ್ತುವುದು. ಇಬ್ಬರು ಮೂವರು ಸಾಕು, ಉಳಿದವರು ಪಾಸ್ ಹೋಗುವ ಜಾಗ ಹಿಡಿಯಲಿ. ಇನ್ನೊಂದು, ಡಿಫೆಂಡರುಗಳು ಹೆದರಿ ಹಿಂದೆಯೇ ಉಳಿಯುವುದು. ಆಗ ನಡುವೆ ದೊಡ್ಡ ಖಾಲಿ ಜಾಗ ಬೀಳುತ್ತದೆ, ಮುಂದಿನವರ ಓಟವೆಲ್ಲ ದಂಡ. ಸ್ಟ್ರೈಕರಿನಿಂದ ಕೊನೆಯ ಡಿಫೆಂಡರಿನವರೆಗೆ 30-35 ಮೀಟರ್ ಮೀರದಂತೆ ನೋಡಿಕೊಳ್ಳಿ. ತಲೆಯ ಮೇಲಿಂದ ಬರುವ ಉದ್ದ ಚೆಂಡಿಗೆ ಗೋಲ್‌ಕೀಪರ್ ಮುಂದೆ ಬಂದು ನಿಂತಿರಲಿ.

ಚೆಂಡು ಕಳೆದುಕೊಂಡ ಹುಡುಗನ ಮೇಲೆ ಎಲ್ಲರೆದುರು ಕೂಗಾಡಬೇಡಿ. ಕ್ಲಾಪ್ ಪಂದ್ಯ ಮುಗಿದೊಡನೆ ಮೈದಾನಕ್ಕಿಳಿದು ಆಟಗಾರರನ್ನು ತಬ್ಬಿಕೊಳ್ಳುವುದನ್ನು ಜಗತ್ತೇ ನೋಡಿದೆ. ಅಭಿಮಾನಿಗಳು ಅವರನ್ನು ಮೆಚ್ಚಿದ್ದು ಬರೀ ಕಪ್‌ಗಳಿಗಾಗಿ ಅಲ್ಲ. ಕೂಗಾಡದಿರುವುದರಲ್ಲಿ ಆಟದ ಲಾಭವೂ ಇದೆ. ಬೈಸಿಕೊಂಡ ಹುಡುಗ ಮುಂದಕ್ಕೆ ಪಾಸ್ ಕೊಡುವುದನ್ನೇ ಬಿಡುತ್ತಾನೆ, ಆಮೇಲೆ ಎದುರಾಳಿಯ ಗೋಲಿನ ಹತ್ತಿರ ಪ್ರೆಸ್ ಮಾಡುವ ಅವಕಾಶವೇ ಹುಟ್ಟುವುದಿಲ್ಲ.

ವಾರಕ್ಕೆ ಎರಡು ಸಲ ಸಾಕು, ಪಂದ್ಯದ ಹಿಂದಿನ ದಿನ ಬೇಡ. ಪಂದ್ಯದಲ್ಲೂ 90 ನಿಮಿಷ ಹೀಗೇ ಆಡಿಸಬೇಡಿ: ಮೊದಲ 15 ನಿಮಿಷ, ವಿರಾಮದ ನಂತರ 10 ನಿಮಿಷ, ಉಳಿದ ಹೊತ್ತು ಅರ್ಧಗೆರೆಯ ಹಿಂದೆ ಒತ್ತಾಗಿ ನಿಲ್ಲಿಸಿ.