ಯುದ್ಧದ ಸುದ್ದಿ ಓದುತ್ತಾ ಇಂಗ್ಲಿಷ್ ಪದ ಕಲಿಯುವುದು ಹೇಗೆ?

ಮಂಡ್ಯದಲ್ಲಿ ಸಂಜೆ ಹೊತ್ತು ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಬ್ಯಾಂಕ್ ಪರೀಕ್ಷೆಗೋ ಪಿಡಿಒ ಪರೀಕ್ಷೆಗೋ ತಯಾರಾಗುತ್ತಿರುವವರು. ಒಂದು ದಿನ ಪಾಂಡವಪುರ ಕಡೆಯ ಹುಡುಗಿಯೊಬ್ಬಳು ಇಂಗ್ಲಿಷ್ ಪತ್ರಿಕೆ ಓದುತ್ತಾ ಓದುತ್ತಾ ಸುಮ್ಮನಾದಳು. ‘ಮೇಡಂ, ನಲವತ್ತು ಜನ ಸತ್ತೋಗವ್ರೆ’ ಅಂದಳು. ಪತ್ರಿಕೆಯಲ್ಲಿ ಇದ್ದದ್ದು ‘ಫಾರ್ಟಿ ಕ್ಯಾಶುವಾಲ್ಟೀಸ್’.

‘ಆಸ್ಪತ್ರೇಲಿ ಕ್ಯಾಶುವಾಲ್ಟಿ ನೋಡಿದ್ದೀಯಲ್ಲಮ್ಮ, ಅಲ್ಲಿಗೆ ಬರೋರೆಲ್ಲ ಸತ್ತಿರ್ತಾರಾ?’ ಎಂದು ಕೇಳಿದೆ. ‘ಇಲ್ಲ, ಗಾಯ ಆದೋರೂ ಬರ್ತಾರೆ’ ಅಂದಳು. ಹೇಳಿದ ಮೇಲೆ ತಾನೇ ಕೆಳಗಿನ ಸಾಲಿಗೆ ಬೆರಳಿಟ್ಟಳು. ಸತ್ತವರೆಷ್ಟು, ಗಾಯಗೊಂಡವರೆಷ್ಟು ಎಂದು ಅಲ್ಲಿ ಬಿಡಿಸಿ ಬರೆದಿತ್ತು. ಸೈನ್ಯದ ಲೆಕ್ಕದಲ್ಲಾದರೆ ಕಾಣೆಯಾದವರು, ಸೆರೆ ಸಿಕ್ಕವರೂ ಈ ಪದದೊಳಗೇ ಬರುತ್ತಾರೆ.

ಅವತ್ತಿನಿಂದ ಪಾಠದ ಕ್ರಮವನ್ನೇ ಬದಲಿಸಿದೆ. ಉಕ್ರೇನ್, ಗಾಜಾ, ಇರಾನ್ ಸುದ್ದಿ ಮನೆಮನೆಯ ಟಿವಿಯಲ್ಲಿ ಕನ್ನಡದಲ್ಲೇ ಬರುತ್ತದೆ. ಕಥೆ ಗೊತ್ತಿದೆ, ಪದ ಮಾತ್ರ ಹೊಸದು. ಅದರಲ್ಲೂ ಅವೇ ನಲವತ್ತು ಐವತ್ತು ಪದಗಳು ದಿನಾ ತಿರುಗಿ ತಿರುಗಿ ಬರುತ್ತವೆ. ಕಲಿಯುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ಮೊದಲು ಕನ್ನಡ, ಆಮೇಲೆ ಇಂಗ್ಲಿಷ್

ಒಂದೇ ಒಂದು ಸಂಘರ್ಷ ಆರಿಸಿಕೊಳ್ಳಿ. ಒಂದು ತಿಂಗಳು ಅದನ್ನೇ ಹಿಡಿದುಕೊಳ್ಳಿ. ಬೆಳಗ್ಗೆ ಕನ್ನಡ ಪತ್ರಿಕೆಯಲ್ಲಿ ಆ ಸುದ್ದಿ ಓದಿ. ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಹುಡುಕಿ. ಕನ್ನಡದಲ್ಲಿ ‘ಕದನ ವಿರಾಮ’ ಇದ್ದ ಕಡೆ ಅಲ್ಲೇನಿದೆ? ‘ಸೀಸ್‌ಫೈರ್’. ‘ಒತ್ತೆಯಾಳು’ ಇದ್ದ ಕಡೆ? ‘ಹಾಸ್ಟೇಜ್’. ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಡಿಕ್ಷನರಿ ಈಗಲೇ ತೆಗೆಯಬೇಡಿ, ಮೊದಲು ನೀವೇ ಊಹಿಸಿ.

ಹೆಡ್‌ಲೈನ್ ಓದುವಾಗ ಒಂದು ಗುಟ್ಟು ತಿಳಿದಿರಲಿ. ಅಲ್ಲಿ ‘ಟು’ ಬಂದರೆ ಮುಂದೆ ಆಗಲಿದೆ ಎಂದು ಅರ್ಥ. ‘ಟಾಕ್ಸ್ ಟು ರೆಸ್ಯೂಮ್’ ಅಂದರೆ ಮಾತುಕತೆ ಮತ್ತೆ ಶುರುವಾಗಲಿದೆ. ಕೆಲಸಕ್ಕೆ ಅರ್ಜಿ ಹಾಕುವಾಗ ಕೊಡುವ ರೆಸ್ಯೂಮೆಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ.

ಬಾಯಲ್ಲಿರುವ ಪದವೇ, ಅರ್ಥ ಮಾತ್ರ ಬೇರೆ

ನಮ್ಮವರು ಎಡವುವುದು ಕಷ್ಟದ ಪದಗಳಲ್ಲಲ್ಲ. ದಿನಾ ಬಳಸುವ ಪದಗಳಲ್ಲೇ. ‘ಲೋನ್ ಸ್ಯಾಂಕ್ಷನ್ ಆಯ್ತು’ ಅಂದರೆ ಖುಷಿಯ ಸುದ್ದಿ, ಅಲ್ವಾ? ಆದರೆ ರಷ್ಯಾ ಮೇಲೆ ಅಮೆರಿಕ, ಯುರೋಪು ಹಾಕಿದ ‘ಸ್ಯಾಂಕ್ಷನ್ಸ್’ ಅಂದರೆ ನಿರ್ಬಂಧ, ಶಿಕ್ಷೆ. ಒಂದೇ ಪದ, ಎರಡು ಎದುರಾಬದುರು ಅರ್ಥ. ‘ಆನ್’ ಜೊತೆ ಬಂದು ಬಹುವಚನದಲ್ಲಿದ್ದರೆ ಬಹುಪಾಲು ನಿರ್ಬಂಧವೇ. ‘ಸ್ಟ್ರೈಕ್’ ಅಂದ ತಕ್ಷಣ ನಮಗೆ ಬಸ್ ಮುಷ್ಕರ ನೆನಪಾಗುತ್ತದೆ, ಯುದ್ಧದ ಸುದ್ದಿಯಲ್ಲಿ ಅದು ದಾಳಿ. ‘ಟ್ಯಾಂಕ್’ ಅಂತೂ ನಿಜವಾಗಲೂ ನೀರಿನ ಟ್ಯಾಂಕಿನಿಂದಲೇ ಬಂದದ್ದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಈ ಗಾಡಿ ತಯಾರಿಸುವಾಗ ಗುಟ್ಟು ರಟ್ಟಾಗದಿರಲಿ ಎಂದು ಹಾಗೆ ಕರೆದರು. 1916ರ ಸೆಪ್ಟೆಂಬರ್‌ನಲ್ಲಿ ಅದು ರಣರಂಗಕ್ಕೆ ಇಳಿಯಿತು, ಹೆಸರು ಹಾಗೇ ಉಳಿಯಿತು.

ಇನ್ನು ‘ಸೀಜ್’. ಪೊಲೀಸರು ಗಾಡಿ ಸೀಜ್ ಮಾಡಿದರು ಅಂತೀವಲ್ಲ, ಅದು ಎಸ್-ಇ-ಐ-ಜೆಡ್-ಇ. ವಶಪಡಿಸಿಕೊಳ್ಳುವುದು. ಊರಿಗೆ ಮುತ್ತಿಗೆ ಹಾಕುವುದು ಎಸ್-ಐ-ಇ-ಜಿ-ಇ. ನಮ್ಮ ಕಿವಿಗೆ ಎರಡೂ ಒಂದೇ. ಹಾಗಾಗಿ ಇಂಥ ಜೋಡಿಗಳನ್ನು ಕಣ್ಣಿಂದಲೇ ಕಲಿಯಬೇಕು. ಸೈನ್ಯದ ‘ಕೋರ್’ ಕೂಡ ಹಾಗೆಯೇ. ಬರೆಯುವುದು ಸಿ-ಓ-ಆರ್-ಪಿ-ಎಸ್, ಪಿ ಮತ್ತು ಎಸ್ ಓದುವ ಹಾಗಿಲ್ಲ. ಕೊನೆಗೆ ಒಂದು ‘ಇ’ ಸೇರಿತೋ, ಅದು ಶವ.

ಅಕ್ಕಪಕ್ಕದ ಪದಗಳನ್ನು ಬೇರೆ ಮಾಡಿ

‘ಸೀಸ್‌ಫೈರ್’ ಅಂದರೆ ಗುಂಡು ನಿಲ್ಲಿಸುವುದು. ‘ಟ್ರೂಸ್’ ಸಾಮಾನ್ಯವಾಗಿ ಸ್ವಲ್ಪ ಕಾಲದ ಬಿಡುವು. ‘ಆರ್ಮಿಸ್ಟಿಸ್’ ಎರಡೂ ಕಡೆಯವರು ಸಹಿ ಹಾಕಿ ಹೋರಾಟ ನಿಲ್ಲಿಸುವ ಒಪ್ಪಂದ. ‘ಪೀಸ್ ಟ್ರೀಟಿ’ ಆದರೆ ಮಾತ್ರ ಯುದ್ಧ ಮುಗಿದ ಲೆಕ್ಕ. ಕೊರಿಯಾದಲ್ಲಿ 1953ರ ಜುಲೈ 27ರಂದು ಆದದ್ದು ಆರ್ಮಿಸ್ಟಿಸ್. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಈ ಒಂದು ಉದಾಹರಣೆ ಹೇಳಿದರೆ ಮಕ್ಕಳು ಮತ್ತೆ ಗೊಂದಲ ಮಾಡಿಕೊಳ್ಳುವುದಿಲ್ಲ.

‘ರೆಫ್ಯೂಜಿ’, ‘ಡಿಸ್‌ಪ್ಲೇಸ್ಡ್’ ಎಂಬ ಜೋಡಿಗೆ ನಾವು ದೂರ ಹೋಗಬೇಕಾಗಿಲ್ಲ. ದೇಶದ ಗಡಿ ದಾಟಿ ಬಂದವರು ರೆಫ್ಯೂಜಿ. ಬೈಲುಕುಪ್ಪೆಯ ಟಿಬೆಟನ್ನರನ್ನು ನೆನೆಯಿರಿ. ಮನೆ ಬಿಟ್ಟರೂ ತಮ್ಮ ದೇಶದೊಳಗೇ ಉಳಿದವರು ಇಂಟರ್ನಲಿ ಡಿಸ್‌ಪ್ಲೇಸ್ಡ್. ಡಿಸ್‌ಪ್ಲೇಸ್ ಆಗಲು ಯುದ್ಧವೇ ಬೇಕೆಂದಿಲ್ಲ. ಕೆಆರ್‌ಎಸ್ ಕಟ್ಟಿದಾಗ ಹಳೆ ಕನ್ನಂಬಾಡಿಯವರು ಊರು ಬಿಟ್ಟು ಎದ್ದರಲ್ಲ, ಅದಕ್ಕೂ ಇದೇ ಪದ.

ಶ್ರೀರಂಗಪಟ್ಟಣಕ್ಕೆ ಒಂದು ಸಲ ಹೋಗಿ ಬನ್ನಿ

ಇದು ನನಗೆ ಬಹಳ ಇಷ್ಟವಾದ ಹೆಜ್ಜೆ. ಕೋಟೆ ಮುಂದೆ ನಿಂತು ಕಲಿತ ಪದ ಮರೆಯುವುದಿಲ್ಲ. 1792ರ ಶ್ರೀರಂಗಪಟ್ಟಣ ಒಪ್ಪಂದ ನೋಡಿ. ಒಪ್ಪಂದ ಅಂದರೆ ‘ಟ್ರೀಟಿ’. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಅದು ‘ಸೀಡ್’, ಸಿ-ಇ-ಡಿ-ಇ. ಯುದ್ಧದ ಖರ್ಚು, ನಷ್ಟಕ್ಕೆ 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ, ಅದು ‘ಇಂಡೆಮ್ನಿಟಿ’. ಅದಕ್ಕೆ ಭದ್ರತೆಯಾಗಿ ತನ್ನ ಇಬ್ಬರು ಎಳೆ ಮಕ್ಕಳನ್ನು ಕಳಿಸಿದ, ಅವರು ‘ಹಾಸ್ಟೇಜಸ್’. ಏಳು ವರ್ಷದ ಮೇಲೆ ಮುತ್ತಿಗೆ, ಅದೇ ‘ಸೀಜ್’. ಗೋಡೆಯಲ್ಲಿ ಬಿದ್ದ ಬಿರುಕು ‘ಬ್ರೀಚ್’. 1799ರ ಮೇ 4ರಂದು ಅದರ ಮೂಲಕ ನುಗ್ಗಿದ್ದು ‘ಸ್ಟಾರ್ಮ್’.

ಏಳು ಪದ ಆಯಿತು. ಮನೆಗೆ ಬಂದು ಇವತ್ತಿನ ಪತ್ರಿಕೆ ತೆಗೆಯಿರಿ. ಕದನ ವಿರಾಮ ಮುರಿದರೆ ‘ಸೀಸ್‌ಫೈರ್ ಬ್ರೀಚ್’ ಎಂದು ಬರೆದಿರುತ್ತಾರೆ. ಅದೇ ಗೋಡೆ, ಅದೇ ಬಿರುಕು.

ಹೇಳಿದವರು ಯಾರು?

ನಮಗೆ ಒಂದು ‘ಅಂತೆ’ ಸಾಕು. ‘ಸತ್ತರಂತೆ’ ಅಂದರೆ ನಾನು ಕಂಡಿಲ್ಲ, ಯಾರೋ ಹೇಳಿದರು ಎಂದು ತಿಳಿಯುತ್ತದೆ. ಇಂಗ್ಲಿಷ್‌ನಲ್ಲಿ ಆ ಕೆಲಸಕ್ಕೆ ಬೇರೆ ಬೇರೆ ಪದ ಇವೆ. ‘ರಿಪೋರ್ಟೆಡ್ಲಿ’ ಅಂದರೆ ವರದಿಯಾಗಿದೆಯಂತೆ. ‘ಅಲೆಜ್ಡ್’ ಅಂದರೆ ಆರೋಪ, ಸಾಬೀತಾಗಿಲ್ಲ. ‘ಕನ್‌ಫರ್ಮ್ಡ್’ ಅಂದರೆ ಖಚಿತ. ‘ಕ್ಲೇಮ್ಡ್’ ಅಂದರೆ ಅವರು ಹಾಗೆ ಹೇಳುತ್ತಿದ್ದಾರೆ, ಅಷ್ಟೇ. ಆದರೆ ‘ಕ್ಲೇಮ್ಡ್ ರೆಸ್ಪಾನ್ಸಿಬಿಲಿಟಿ’ ಅಂದರೆ ದಾಳಿ ಮಾಡಿದ್ದು ನಾವೇ ಎಂದು ಹೊಣೆ ಹೊತ್ತರು. ‘ಕ್ಲೇಮ್ಡ್ ಟೆನ್ ಲೈವ್ಸ್’ ಅಂದರೆ ಹತ್ತು ಜೀವ ಹೋಯಿತು. ಪರೀಕ್ಷೆಯ ಪ್ಯಾಸೇಜುಗಳಲ್ಲಿ ಹುಡುಗರು ಜಾಸ್ತಿ ಅಂಕ ಕಳೆದುಕೊಳ್ಳುವುದು ಇಲ್ಲೇ.

ಪದ ಆರಿಸುವುದರಲ್ಲೂ ಪಕ್ಷ ಇರುತ್ತದೆ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ಸೈನ್ಯ ನುಗ್ಗಿಸಿತು. ರಷ್ಯಾ ಅದನ್ನು ‘ಸ್ಪೆಷಲ್ ಮಿಲಿಟರಿ ಆಪರೇಷನ್’ ಎಂದಿತು, ಉಕ್ರೇನ್ ‘ಇನ್ವೇಷನ್’ ಎಂದಿತು. 1962ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕ್ಯೂಬಾಗೆ ಶಸ್ತ್ರಾಸ್ತ್ರ ತರುವ ಹಡಗುಗಳನ್ನು ತಡೆದರು. ಅದನ್ನು ‘ಬ್ಲಾಕೇಡ್’ ಎಂದರೆ ಯುದ್ಧ ಸಾರಿದ ಹಾಗಾಗುತ್ತಿತ್ತು. ಹಾಗಾಗಿ ‘ಕ್ವಾರಂಟೈನ್’ ಎಂದರು. ಹೌದು, ಕೊರೊನಾ ಕಾಲದಲ್ಲಿ ನಾವೆಲ್ಲ ಕಲಿತ ಅದೇ ಪದ. ಹೊಸ ಪದ ಬರೆದುಕೊಂಡಾಗ ಪಕ್ಕದಲ್ಲಿ ‘ಹೇಳಿದವರು ಇವರು’ ಎಂದೂ ಬರೆಯಿರಿ.

ನೋಟ್‌ಬುಕ್

ದಿನಕ್ಕೆ ಐದೇ ಪದ ಸಾಕು. ಬರೀ ಪದ ಬರೆಯಬೇಡಿ, ಅದು ಬಂದ ಇಡೀ ಸಾಲು ಬರೆಯಿರಿ. ಕೆಳಗೆ ಕನ್ನಡದಲ್ಲಿ ಅರ್ಥ. ಅದರ ಕೆಳಗೆ ಅದೇ ಪದ ಹಾಕಿ ನಿಮ್ಮ ಊರಿನ ಬಗ್ಗೆ ಒಂದು ವಾಕ್ಯ. ರಾತ್ರಿ ಊಟಕ್ಕೆ ಕೂತಾಗ ಆ ದಿನದ ಸುದ್ದಿಯನ್ನು ಅಮ್ಮನಿಗೋ ಅಜ್ಜಿಗೋ ಕನ್ನಡದಲ್ಲಿ ಹೇಳಿ. ಅವರು ‘ಯಾಕೆ?’ ಎಂದು ಕೇಳಿದಾಗ ಉತ್ತರ ಬಾರದಿದ್ದರೆ ನಿಮಗೆ ಪದ ಇನ್ನೂ ಬಂದಿಲ್ಲ, ಮತ್ತೆ ಓದಿ.

ಅರ್ಧ ಗಂಟೆಗಿಂತ ಹೆಚ್ಚು ಬೇಡ. ವಿಡಿಯೊಗಳಂತೂ ಬೇಡವೇ ಬೇಡ, ಓದಿದರೆ ಸಾಕು. ಅಲ್ಲಿ ಸಾಯುತ್ತಿರುವವರು ನಮ್ಮ ಹಾಗೆಯೇ ಮನೆಮಠ ಇದ್ದವರು. ನನ್ನ ತರಗತಿಯಲ್ಲಿ ‘ಕ್ಯಾಶುವಾಲ್ಟಿ’ ಪದ ಬಂದಾಗಲೆಲ್ಲ ಮೊದಲು ಸಂಖ್ಯೆಯನ್ನು ಗಟ್ಟಿಯಾಗಿ ಓದಿಸುತ್ತೇನೆ, ಆಮೇಲೆ ಊರಿನ ಹೆಸರನ್ನು. ಆಮೇಲೆ ಪದದ ಅರ್ಥ.